ಮೂವತ್ತೊಂದನೆಯ ಹಾಳೆ

ಪರ್ಡಿ ಅಂಡ್ ಕಿನ್‌ಲಾಕ್ ಕಂಪನಿಗೆ ತೊಂಬತ್ತು ವರ್ಷ ತುಂಬಿದಾಗ ಒಂದು ಚರಿತ್ರೆಯ ಪುಸ್ತಕ ಮಾಡಿಸಿದರು. ನೀಲಿ ಚರ್ಮದ ರಟ್ಟು, ಮೇಲೆ ಬಂಗಾರದ ಅಕ್ಷರ. ಕಮ್ಮಾರ ಆಂಡ್ರೂ ಪರ್ಡಿ ಕ್ಲೈಡ್ ನದಿಯ ದಂಡೆಯಲ್ಲಿ ಕುಲುಮೆ ಹೂಡಿದ್ದು, ಅವನ ಭಾವಮೈದುನ ಕಿನ್‌ಲಾಕ್ ಬಂದು ಎಂಜಿನ್ ಕಟ್ಟುವ ಶೆಡ್ಡು ಎಬ್ಬಿಸಿದ್ದು, ಎರಡು ಮಹಾಯುದ್ಧಗಳಲ್ಲಿ ಸುತ್ತಿಗೆಯ ಸದ್ದು ಒಂದು ದಿನವೂ ನಿಲ್ಲದೆ ಇದ್ದದ್ದು, ಇನ್ನೂರ ಹದಿನಾರು ಹಡಗುಗಳ ಹೆಸರು, ಉದ್ದ, ತೂಕ ಎಲ್ಲವೂ ಅದರಲ್ಲಿದೆ. ಹಿರಿಯ ನಿರ್ದೇಶಕರ ನಾಯಿಯ ಹೆಸರು ಎರಡು ಕಡೆ ಬಂದಿದೆ. ಟ್ರೇಸರ್ ಹೆಂಗಸರ ಬಗ್ಗೆ ಒಂದು ಸಾಲೂ ಇಲ್ಲ. ನಾನು, ಕ್ರಿಸ್ಸಿ ಲೋರಿಮರ್, ಅಲ್ಲಿ ಇಪ್ಪತ್ತೊಂಬತ್ತು ವರ್ಷ ಟ್ರೇಸರ್ ಆಗಿದ್ದವಳು. ಪುಸ್ತಕ ಅಚ್ಚಾದ ಮೇಲೆ ಕಟ್ಟಿದ ಕೊನೆಯ ಹಡಗಿನ ಕತೆಯನ್ನು ನಾನೇ ಹೇಳುತ್ತೇನೆ. ಅದಕ್ಕೆ ಯಾರ ಅಪ್ಪಣೆಯೂ ನನಗೆ ಬೇಕಾಗಿಲ್ಲ.

ನಮ್ಮ ಕೆಲಸ ಹೀಗಿತ್ತು. ನಕ್ಷೆಗಾರರು, ಅಂದರೆ ಗಂಡಸರು, ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ನಕ್ಷೆ ಬರೆಯುತ್ತಿದ್ದರು. ಅದರ ಮೇಲೆ ಗಂಜಿ ಹಾಕಿದ ತೆಳ್ಳನೆಯ ಲಿನನ್ ಬಟ್ಟೆ ಹಾಸಿ, ಅಡಿಯಲ್ಲಿ ಕಾಣುವ ಒಂದೊಂದು ಗೆರೆಯನ್ನೂ ನಾವು ಶಾಯಿಯಲ್ಲಿ ಎಳೆಯುತ್ತಿದ್ದೆವು. ಆ ಬಟ್ಟೆಯ ಹಾಳೆಯೇ ಅಸಲು. ಅದರಿಂದ ತೆಗೆದ ನೀಲಿ ಪ್ರತಿಗಳನ್ನು ಹಿಡಿದುಕೊಂಡೇ ಕೆಳಗಿನವರು ಉಕ್ಕು ಕತ್ತರಿಸುತ್ತಿದ್ದರು. ಎಲ್ಲಾದರೂ ತಪ್ಪಿದರೆ ಶಾಯಿಯನ್ನು ಬ್ಲೇಡಿನಿಂದ ಕೆರೆದು, ಜಾಗವನ್ನು ಉಗುರಿನಿಂದ ತೀಡಿ, ಮತ್ತೆ ಎಳೆಯಬೇಕು. ಕೆರೆದಲ್ಲಿ ಬಟ್ಟೆ ತೆಳುವಾಗುತ್ತದೆ, ಒಂದು ಎಳೆ ಹೆಚ್ಚು ಕೆರೆದರೆ ತೂತು ಬೀಳುತ್ತದೆ. ಉಸಿರು ಬಿಗಿಹಿಡಿದು ಮಾಡುವ ಕೆಲಸ ಅದು. ತಾನು ಕೆರೆದ ಹಾಳೆಯನ್ನು ಯಾವ ಟ್ರೇಸರೂ ಮರೆಯುವುದಿಲ್ಲ.

ಮುಖ್ಯ ನಕ್ಷೆಗಾರ ಮಿಸ್ಟರ್ ಹ್ಯಾಡೋ ಮಾತ್ರ, ಟ್ರೇಸರ್‌ಗೆ ಕೈ ಇದ್ದರೆ ಸಾಕು, ತಲೆ ಬೇಕಿಲ್ಲ ಎನ್ನುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಕ್ರಿಸ್‌ಮಸ್ಸಿಗೆ ನಮ್ಮ ಏಳು ಜನಕ್ಕೂ ಶಾರ್ಟ್‌ಬ್ರೆಡ್ ಬಿಸ್ಕತ್ತಿನ ಡಬ್ಬಿ ತಂದುಕೊಡುತ್ತಿದ್ದರು. ಆದರೆ ಹಾಳೆಯ ಮೂಲೆಯಲ್ಲಿ ಎರಡೇ ಖಾನೆ ಇರುತ್ತಿದ್ದವು: ಬರೆದವರು, ಪರೀಕ್ಷಿಸಿದವರು. ಬಟ್ಟೆಯ ಮೇಲೆ ಕಾಣುವ ಪ್ರತಿ ಗೆರೆಯೂ ನಮ್ಮದು, ಹೆಸರು ಮಾತ್ರ ಅವರದು. ಇಪ್ಪತ್ತೊಂಬತ್ತು ವರ್ಷ ನಾನು ಅದನ್ನು ಹೊಟ್ಟೆಗೆ ಹಾಕಿಕೊಂಡಿದ್ದೆ.

ನಮಗೆ ಒಂದೇ ಒಂದು ಹಕ್ಕಿತ್ತು. ಶಾಯಿ ಚೆಲ್ಲಿ ಕೆಟ್ಟುಹೋದ ಲಿನನ್ ಟ್ರೇಸರ್‌ಗಳಿಗೆ ಸೇರಿದ್ದು. ಮೊದಲ ಪರ್ಡಿಯ ಹೆಂಡತಿ ಮಾಡಿದ ನಿಯಮ ಅಂತೆ, ಕಚೇರಿಯ ಗೋಡೆಯ ಹಲಗೆಯ ಮೇಲೆ ಏಳನೆಯ ಸಾಲಿನಲ್ಲಿ ಬರೆದಿತ್ತು. ಅದನ್ನು ಮನೆಗೆ ಒಯ್ದು ಹಂಡೆಯಲ್ಲಿ ಸೋಡಾ ಹಾಕಿ ಕುದಿಸಿದರೆ ಗಂಜಿಯೂ ಹೋಗುತ್ತಿತ್ತು, ಗಂಜಿಯ ಮೇಲೆ ಕೂತ ಶಾಯಿಯೂ ಹೋಗುತ್ತಿತ್ತು. ಉಳಿಯುವುದು ಹಾಲಿನ ಕೆನೆಯಂಥ ಬಟ್ಟೆ. ನಮ್ಮ ಬೀದಿಯ ಅರ್ಧ ಕರವಸ್ತ್ರಗಳು, ದಿಂಬಿನ ಚೀಲಗಳು, ಕೂಸುಗಳ ದೀಕ್ಷಾಸ್ನಾನದ ಉದ್ದಂಗಿಗಳು ಒಂದು ಕಾಲಕ್ಕೆ ಹಡಗಿನ ನಕ್ಷೆಗಳಾಗಿದ್ದವು.

ಸಾವಿರದ ಒಂಬೈನೂರ ಅರವತ್ತಮೂರರ ಫೆಬ್ರವರಿಯಲ್ಲಿ ಕಂಪನಿಯನ್ನು ಮಾರಿದರು. ಕೊಂಡವರಿಗೆ ನಮ್ಮ ಹಡಗುಗಳು ಬೇಕಿರಲಿಲ್ಲ, ನಮ್ಮ ಗಿರಾಕಿಗಳು ಬೇಕಿತ್ತು. ಹಡಗನ್ನು ಕಟ್ಟಿ ನದಿಗೆ ಇಳಿಸುವ ಇಳಿಜಾರಿನ ಮೇಲೆ ಇನ್ನೂರ ಹದಿನೇಳನೆಯ ಹಡಗು ಅರ್ಧ ಕಟ್ಟಿ ನಿಂತಿತ್ತು. ಪಶ್ಚಿಮದ ದ್ವೀಪಗಳಿಗೆ ಜನರನ್ನೂ ಕುರಿಗಳನ್ನೂ ಸಾಗಿಸುವ ದೋಣಿ ಕಂಪನಿಯ ಹಡಗು ಅದು. ಒಪ್ಪಂದದಲ್ಲಿ ಒಂದು ಮಾತಿತ್ತು: ದೋಣಿ ಕಂಪನಿಯವರು ಬಯಸಿದರೆ, ಪೂರ್ತಿ ನಕ್ಷೆಗಳು ಇದ್ದರೆ, ಹಡಗನ್ನು ನಮ್ಮಲ್ಲೇ ನಮ್ಮ ಕೆಲಸಗಾರರಿಂದಲೇ ಮುಗಿಸಿಕೊಳ್ಳಬಹುದು. ಇಲ್ಲದಿದ್ದರೆ ಅದನ್ನು ಅಲ್ಲೇ ಕತ್ತರಿಸಿ ಗುಜರಿಗೆ ಹಾಕುವುದು, ಮುನ್ನೂರ ನಲವತ್ತು ಜನ ಕೂಡಲೇ ಮನೆಗೆ ಹೋಗುವುದು.

ಕೊಂಡವರ ಕಡೆಯಿಂದ ಎಡಿನ್‌ಬರೋದ ಮಿಸ್ಟರ್ ಪ್ರಿಂಗಲ್ ಬಂದ. ಕೈಗವಸು ತೆಗೆಯದೆ ಬಾಗಿಲು ತೆರೆಯುವ ಮನುಷ್ಯ. ಕಾರ್ಖಾನೆಯಲ್ಲಿದ್ದ ಪೆನ್ಸಿಲ್ ನಕ್ಷೆಗಳನ್ನೂ ನೀಲಿ ಪ್ರತಿಗಳನ್ನೂ ಬಂದ ದಿನವೇ ಕುಲುಮೆಗೆ ಹಾಕಿಸಿದ. ಲಿನನ್ ಹಾಳೆಗಳು ಗುರುವಾರ ಸುಡಬೇಕು ಎಂದು ಚೀಟಿ ಬರೆದ. ಪೂರ್ತಿ ನಕ್ಷೆಗಳು ಇಲ್ಲ ಅಂತಾದರೆ ಒಪ್ಪಂದದ ಆ ಮಾತು ತಾನಾಗಿ ಸತ್ತುಹೋಗುತ್ತದೆ ಎಂಬ ಲೆಕ್ಕ ಅವನದು. ಅದು ಮಿಸ್ಟರ್ ಹ್ಯಾಡೋಗೆ ಗೊತ್ತಾಗುವ ಮೊದಲು ನಮಗೆ ಗೊತ್ತಾಯಿತು. ಯಾಕೆಂದರೆ ಅವನು ಚೀಟಿಯನ್ನು ನಮ್ಮ ಮುಂದೆಯೇ ಬರೆದ. ಟ್ರೇಸರ್‌ಗಳಿಗೆ ಓದಲು ಬರುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ.

ನಾನು ಅವನ ಬಳಿಗೆ ಹೋಗಿ, ಕೆಲಸ ಬಿಡುವ ಹೆಂಗಸರು ಪದ್ಧತಿಯ ಪ್ರಕಾರ ಕೆಟ್ಟ ಲಿನನ್ ಒಯ್ಯಬಹುದೇ ಎಂದು ಬಹಳ ವಿನಯದಿಂದ ಕೇಳಿದೆ. ಅವನಿಗೆ ನಗು ಬಂತು. ಕರವಸ್ತ್ರಕ್ಕಾ ಎಂದು ಕೇಳಿ, ಗೋಡೆಯ ಏಳನೆಯ ಸಾಲನ್ನು ಒಮ್ಮೆ ನೋಡಿ, ಸಹಿ ಹಾಕಿಕೊಟ್ಟ. ಆ ಬುಧವಾರ ಮಧ್ಯಾಹ್ನ ನಾವು ಏಳು ಜನ ಇನ್ನೂರ ಹದಿನೇಳನೆಯ ಹಡಗಿನ ಇನ್ನೂರ ಆರು ಹಾಳೆಗಳ ಅಂಚಿನಲ್ಲಿ, ಗೆರೆಗಳಿಂದ ದೂರದಲ್ಲಿ, ಒಂದೊಂದು ತೊಟ್ಟು ಶಾಯಿ ಬಿಟ್ಟೆವು. ಎಲ್ಲವೂ ಕೆಟ್ಟ ಲಿನನ್ ಆಯಿತು. ಸಂಜೆ ಐದಕ್ಕೆ ಗೇಟಿನವನಿಗೆ ಪ್ರಿಂಗಲ್ಲನ ಸಹಿ ತೋರಿಸಿ, ತೋಳಿನ ಮೇಲೆ ಒಗೆಯುವ ಬಟ್ಟೆಯ ಹಾಗೆ ಹಾಕಿಕೊಂಡು, ತಲೆ ಎತ್ತಿಕೊಂಡೇ ಹೊರಗೆ ನಡೆದೆವು. ಗುರುವಾರ ಪ್ರಿಂಗಲ್ ಹಳೆಯ ಹಡಗುಗಳ ನಕ್ಷೆಗಳನ್ನು ಸುಟ್ಟು, ಇನ್ನೂರ ಹದಿನೇಳರದೂ ಅದರಲ್ಲೇ ಹೋಯಿತೆಂದು ಸಮಾಧಾನಪಟ್ಟುಕೊಂಡ.

ಹಡಗು ಬಡಗಿಗಳ ಮುಂದಾಳು ಡೂಗಿ ಮಕ್‌ಫೀ ದೋಣಿ ಕಂಪನಿಗೆ ತಂತಿ ಕಳಿಸಿದ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವರ ಕ್ಯಾಪ್ಟನ್ ಮಕ್‌ಆಸ್ಕಿಲ್ ಬಂದು ನಕ್ಷೆ ನೋಡುವುದು, ಒಂದು ಹಾಳೆ ಕಡಿಮೆ ಇದ್ದರೂ ಒಪ್ಪುವುದಿಲ್ಲ ಎಂದು ಉತ್ತರ ಬಂತು. ಶನಿವಾರ ನನ್ನ ಅಡುಗೆಮನೆಯ ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿದೆವು. ಇನ್ನೂರ ಐದು ಇದ್ದವು. ಮೂವತ್ತೊಂದನೆಯದು ಇರಲಿಲ್ಲ.

ಆ ಹಾಳೆ ಬೆಲ್ಲಾ ಸ್ಟ್ರಾಕನ್‌ಳ ಪಾಲಿನ ಕಟ್ಟಿನಲ್ಲಿದ್ದದ್ದು. ಬೆಲ್ಲಾ ನನ್ನ ಪಕ್ಕದ ಮೇಜಿನವಳು, ಇಪ್ಪತ್ತು ವರ್ಷದ ಸ್ನೇಹ. ಅವಳು ಮನೆಯನ್ನೆಲ್ಲ ತಲೆಕೆಳಗು ಮಾಡಿದಳು, ಕಲ್ಲಿದ್ದಲಿನ ಪೆಟ್ಟಿಗೆಯನ್ನೂ ಬಿಡಲಿಲ್ಲ. ಎಂಬತ್ತನಾಲ್ಕು ವರ್ಷದ ಅವಳ ತಾಯಿಯನ್ನು ಕೇಳಿದರೆ, ನಕ್ಷೆ ಗಿಕ್ಷೆ ತಾನು ಕಂಡಿಲ್ಲ ಎಂದಳಂತೆ. ಮುದುಕಿ ಸುಳ್ಳು ಹೇಳಿರಲಿಲ್ಲ.

ಮಾರನೆಯ ದಿನ ಬೆಲ್ಲಾಳ ತಂಗಿ ಮಗಳ ಕೂಸಿಗೆ ದೀಕ್ಷಾಸ್ನಾನ. ಹೆಣ್ಣು ಕೂಸಾದರೆ ಚರ್ಚಿಗೆ ಹೋಗುವ ದಾರಿಯಲ್ಲಿ ಮೊದಲು ಎದುರಾದ ಗಂಡಸಿಗೆ ಕೇಕಿನ ಪೊಟ್ಟಣ ಕೊಡಬೇಕು, ಅವನು ಯಾರೇ ಆಗಿರಲಿ. ನಮ್ಮ ಹಣೆಬರಹಕ್ಕೆ ಹೋಟೆಲಿನಿಂದ ಹೊರಬಿದ್ದವನು ಪ್ರಿಂಗಲ್. ಬೆಲ್ಲಾ ಹಲ್ಲು ಕಚ್ಚಿಕೊಂಡೇ ಪೊಟ್ಟಣ ಕೊಟ್ಟಳು. ಅವನು ಟೋಪಿ ತೆಗೆದು, ಕೈಗವಸಿನ ಬೆರಳಿನಿಂದ ಕೂಸಿನ ಉದ್ದಂಗಿಯ ಅಂಚನ್ನು ಮುಟ್ಟಿ, ಇಂಥ ಒಳ್ಳೆಯ ಲಿನನ್ ಈಗೆಲ್ಲಿ ಸಿಗುತ್ತದೆ ಎಂದು ಹೊಗಳಿದ.

ಚರ್ಚಿನಲ್ಲಿ ಪಾದ್ರಿ ಕೂಸನ್ನು ಎತ್ತಿಕೊಂಡು ಪೂರ್ವದ ಕಿಟಕಿಯ ಎದುರು ನಿಂತರು. ಉದ್ದಂಗಿಯೊಳಗಿಂದ ಬೆಳಕು ಬಂತು. ಅಂಚಿನಿಂದ ಒಂದು ಗೇಣು ಮೇಲೆ, ಪಕ್ಕಪಕ್ಕದಲ್ಲಿ, ಆರು ಪೆನ್ಸಿನ ಬಿಲ್ಲೆಯಷ್ಟಗಲದ ಎರಡು ತೆಳು ಗುರುತು ನನಗೆ ಕಂಡವು. ಸುತ್ತಲಿನ ಬಟ್ಟೆಗಿಂತ ಅಲ್ಲಿ ಬೆಳಕು ಹೆಚ್ಚು. ಅವನ್ನು ಕೆರೆದವಳು ನಾನೇ. ಮನೆಗೆ ಲಿನನ್ ಬಂದರೆ ಅರವತ್ತು ವರ್ಷದಿಂದ ಏನು ಮಾಡುತ್ತಿದ್ದಳೋ ಮುದುಕಿ ಅದನ್ನೇ ಮಾಡಿದ್ದಳು. ಮೇಲಿನ ಹಾಳೆ ಎತ್ತಿಕೊಂಡು, ಮಂಜುಗಣ್ಣಿನಲ್ಲೇ ಕತ್ತರಿಸಿ, ಹಂಡೆಗೆ ಹಾಕಿ, ಮೊಮ್ಮಗಳ ಮಗಳಿಗೆ ಹೊಲಿದಿದ್ದಳು. ಮೂವತ್ತೊಂದನೆಯ ಹಾಳೆಯ ಒಂದು ಗೆರೆಯೂ ಉಳಿದಿರಲಿಲ್ಲ. ಕೂಸು ಅದನ್ನು ತೊಟ್ಟು ಹಡಗಿನ ಸೀಟಿಯ ಹಾಗೆ ಕಿರುಚುತ್ತಿತ್ತು.

ಹೊರಗೆ ಬಂದು ಬೆಲ್ಲಾಗೆ ಹೇಳಿದೆ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದಳು.

"ಮುನ್ನೂರು ಮನೆ ಒಲೆ ಆರಿಸಿದ್ವಲ್ಲೇ ಕ್ರಿಸ್ಸಿ. ಅಮ್ಮಂಗೆ ಗೊತ್ತಾದ್ರೆ ಎದೆ ಒಡ್ಕೊಂಡು ಸಾಯ್ತಾಳೆ."

"ಅವಳಿಗೆ ಯಾಕೆ ಹೇಳ್ತೀಯ? ಏಳು ಮೇಲೆ. ಆ ಹಾಳೆ ಎಳೆದೋಳು ನಾನು. ಇನ್ನೊಂದು ಸಲ ಎಳೀತೀನಿ."

"ಭಾನುವಾರ ಕಣೇ ಇವತ್ತು."

"ದೇವರಿಗೆ ಬೇಜಾರಾದ್ರೆ ನನ್ಹತ್ರ ಮಾತಾಡ್ಲಿ."

ನಮ್ಮ ಊರಿನಲ್ಲಿ ಭಾನುವಾರ ಬಟ್ಟೆ ಒಣಹಾಕಿದರೂ ಮಾತು ಬರುತ್ತದೆ. ನಾನು ಅಡುಗೆಮನೆಯ ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿ, ಎದುರು ಮನೆಯ ಮಿಸೆಸ್ ಆಲ್ಡಿಗೆ ಚೆನ್ನಾಗಿ ಕಾಣುವ ಹಾಗೆ ಕೂತೆ. ಮನೆಯಲ್ಲಿ ಹೊಸ ಲಿನನ್ನಿನ ಒಂದು ಸುರುಳಿಯ ತುದಿ ಇತ್ತು, ನನ್ನ ಸ್ವಂತ ಲೇಖನಿ, ಕೈವಾರ ಇದ್ದವು. ಮೂವತ್ತೊಂದನೆಯದು ಎಂಜಿನ್ನಿನ ತಳಪಾಯದ ನಕ್ಷೆ. ಹಡಗಿನ ಹೊಟ್ಟೆಯಲ್ಲಿ ಎಂಜಿನ್ನನ್ನು ಕೂರಿಸಿ ಬಿಗಿಯುವ ಅರವತ್ತನಾಲ್ಕು ಬೋಲ್ಟುಗಳ ಜಾಗ ಅದರಲ್ಲಿರುತ್ತದೆ. ಎಂಜಿನ್ನಿನ ತಳದ ಎರಕ ಮುಗಿದಿತ್ತು, ತೂತು ಇನ್ನೂ ಕೊರೆದಿರಲಿಲ್ಲ. ಮೂವತ್ತು, ಮೂವತ್ತೆರಡನೆಯ ಹಾಳೆಗಳಿಂದ ಸುತ್ತಲಿನ ಉಕ್ಕಿನ ಗೆರೆಗಳು ಸಿಕ್ಕವು. ಬೋಲ್ಟುಗಳ ಅಂತರ ನನ್ನ ಕೈಯಲ್ಲೇ ಇತ್ತು. ಅರವತ್ತೆರಡು ಸಾಲಾಗಿ ಬಂದವು.

ಉಳಿದ ಎರಡರ ಕತೆ ಬೇರೆ. ಹಿಂದಿನ ಸೆಪ್ಟೆಂಬರಿನಲ್ಲಿ ಒಂದು ದಿನ ಎಲ್ಲರೂ ಊಟಕ್ಕೆ ಹೋದಾಗ ಮಿಸ್ಟರ್ ಹ್ಯಾಡೋ ನನ್ನ ಮೇಜಿಗೆ ಬಂದಿದ್ದರು. ಎಡಗಡೆಯ ಎರಡು ಬೋಲ್ಟುಗಳ ಅಡಿಗೆ ಸರಿಯಾಗಿ ಹಡಗಿನ ತಳದ ನೀರಿನ ತೊಟ್ಟಿಯ ಒಂದು ಅಡ್ಡಪಟ್ಟಿ ಬರುತ್ತದೆ, ಅಲ್ಲಿ ನಟ್ಟು ತಿರುಗಿಸಲು ಜಾಗವೇ ಇಲ್ಲ, ಅದು ತಮ್ಮ ಕಣ್ಣು ತಪ್ಪಿತ್ತು ಎಂದು ಪಿಸುದನಿಯಲ್ಲಿ ಹೇಳಿದರು. ಎರಡನ್ನೂ ನಾಲ್ಕು ಇಂಚು ಮುಂದಕ್ಕೆ ಸರಿಸು, ತಿದ್ದುಪಡಿ ಎಂದು ಎಲ್ಲೂ ನಮೂದಿಸಬೇಡ ಎಂದರು. ಮೂವತ್ತು ವರ್ಷದಲ್ಲಿ ತಮ್ಮ ಒಂದು ನಕ್ಷೆಗೂ ತಿದ್ದುಪಡಿ ಬಿದ್ದಿಲ್ಲ ಎಂಬುದು ಅವರ ಹೆಮ್ಮೆ. ನಾನು ಬಾಯಿ ಮುಚ್ಚಿಕೊಂಡು ಕೆರೆದು ಕೊಟ್ಟಿದ್ದೆ.

ಸೋಮವಾರ ಹತ್ತಕ್ಕೆ ನಕ್ಷೆ ಕಚೇರಿಯ ಉದ್ದ ಮೇಜಿನ ಮೇಲೆ ಇನ್ನೂರ ಆರು ಹಾಳೆ ಇಟ್ಟೆವು. ಡೂಗಿ ಬಾಗಿಲಿಗೆ ಒರಗಿ ನಿಂತ. ಅಂಗಳದಲ್ಲಿ ಮುನ್ನೂರು ಚಿಲ್ಲರೆ ಜನ ಕಾಯುತ್ತಾ ನಿಂತಿದ್ದರು. ಪ್ರಿಂಗಲ್ ಹಾಳೆಗಳನ್ನು ಕಂಡು ಬಿಳುಚಿಕೊಂಡ. ಇದೆಲ್ಲ ಕಂಪನಿಯ ಸ್ವತ್ತು ಎಂದು ಶುರುಮಾಡಿದಾಗ ನಾನು ಅವನ ಸಹಿಯ ಕಾಗದವನ್ನು ಮೇಜಿನ ಮೇಲಿಟ್ಟು, ಪ್ರತಿ ಹಾಳೆಯ ಅಂಚಿನ ಶಾಯಿಯ ತೊಟ್ಟನ್ನು ತೋರಿಸಿದೆ. ಕ್ಯಾಪ್ಟನ್ ಮಕ್‌ಆಸ್ಕಿಲ್ ಕಾಗದ ಓದಿ, ಮೀಸೆಯೊಳಗೆ ನಕ್ಕು, ಪ್ರಿಂಗಲ್ಲನಿಗೆ ಕೂರಲು ಹೇಳಿದರು.

ಕ್ಯಾಪ್ಟನ್ ಮೂವತ್ತೊಂದರ ಬಳಿ ನಿಂತರು. ಬಟ್ಟೆ ಹೊಸದು, ಶಾಯಿ ಹೊಸದು. ಮೂಲ ಹಾಳೆ ಹಾಳಾಯಿತು, ನೆನಪಿನಿಂದ ಮತ್ತೆ ಎಳೆದಿದ್ದೇನೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುಖ್ಯ ನಕ್ಷೆಗಾರರು ಇದು ತಮ್ಮದೇ ನಕ್ಷೆ ಎಂದು ಸಹಿ ಹಾಕಿದರೆ ತಮ್ಮ ತಕರಾರಿಲ್ಲ ಎಂದು ಅವರು ಅಂದರು. ಮಿಸ್ಟರ್ ಹ್ಯಾಡೋ ಕನ್ನಡಕ ಹಾಕಿಕೊಂಡು ಬಗ್ಗಿದರು. ಅವರ ಬೆರಳು ಎಡಗಡೆಯ ಸಾಲಿನ ಮೇಲೆ ಹೋಗಿ ಆ ಎರಡು ಬೋಲ್ಟುಗಳ ಹತ್ತಿರ ನಿಂತಿತು. ಇವೆರಡು ಯಾಕೆ ಸಾಲು ತಪ್ಪಿವೆ ಎಂದು ಕ್ಯಾಪ್ಟನ್ ಕೇಳಿದರು.

ಮಿಸ್ಟರ್ ಹ್ಯಾಡೋ ಪ್ರಿಂಗಲ್ಲನ ಕಡೆ ನೋಡಿದರು, ಬಾಗಿಲಲ್ಲಿದ್ದ ಡೂಗಿಯ ಕಡೆ ನೋಡಿದರು. ಆಮೇಲೆ ಹೇಳಿದರು:

"ಟ್ರೇಸರ್ ತಪ್ಪು. ನನ್ನ ನಕ್ಷೆಯಲ್ಲಿ ಸಾಲು ಸಮ ಇತ್ತು. ಅದಕ್ಕೆ ತಿದ್ದುಪಡಿನೇ ಆಗಿಲ್ಲ."

ಕ್ಯಾಪ್ಟನ್ ಹಾಳೆಯನ್ನು ನಿಧಾನವಾಗಿ ಕೆಳಗಿಟ್ಟರು. ಬರೆದವರು ಒಂದು ಹೇಳಿ ಎಳೆದವರು ಇನ್ನೊಂದು ಹೇಳುವ ನಕ್ಷೆಯಿಂದ ಹಡಗು ಕಟ್ಟಿಸಲು ತಾವು ಸಿದ್ಧರಿಲ್ಲ ಎಂದು, ವಿಷಾದದಿಂದಲೇ, ಟೋಪಿ ಕೈಗೆತ್ತಿಕೊಂಡರು. ಸಾಲು ಸಮ ಮಾಡಿ ಕೊಟ್ಟುಬಿಟ್ಟರೆ ಆ ಕ್ಷಣಕ್ಕೆ ಎಲ್ಲ ಸರಿಹೋಗುತ್ತಿತ್ತು, ನನಗೆ ಗೊತ್ತಿತ್ತು. ಆಮೇಲೆ ಎರಡು ಬೋಲ್ಟು ಬಿಗಿಯದ ಎಂಜಿನ್ನು ಚಳಿಗಾಲದ ಸಮುದ್ರದಲ್ಲಿ ದ್ವೀಪದ ಜನರನ್ನು ಹೊತ್ತು ಹೋಗುತ್ತಿತ್ತು. ಬೆಲ್ಲಾ, ಅಂಗಿ ತಾ ಎಂದೆ.

ಅವಳು ಅದನ್ನು ಚೀಲದಲ್ಲಿ ತಂದಿದ್ದಳು. ಎದೆಯ ಮೇಲೆ ಕೂಸು ಕಕ್ಕಿದ ಹಾಲಿನ ಕಲೆ ಇತ್ತು. ಮೇಜಿನ ಮೇಲೆ, ಹೊಸ ಹಾಳೆಯ ಪಕ್ಕ ಹರಡಿದೆ.

"ಇದು ಕೂಸಿನ ಅಂಗಿ ಅಲ್ವೇನಮ್ಮಾ?" ಎಂದರು ಕ್ಯಾಪ್ಟನ್.

"ಇದು ಮೂವತ್ತೊಂದನೇ ಹಾಳೆ, ಕ್ಯಾಪ್ಟನ್. ಬೆಳಕಿಗೆ ಹಿಡೀರಿ."

ಅವರು ಕಿಟಕಿಗೆ ಹಿಡಿದರು. ಎರಡು ತೆಳು ಗುರುತು, ಪಕ್ಕಪಕ್ಕದಲ್ಲಿ, ಎಲ್ಲರಿಗೂ ಕಂಡವು. ಶಾಯಿ ಹಂಡೆಯಲ್ಲಿ ಹೋಗುತ್ತದೆ, ಬ್ಲೇಡು ತಿಂದ ಎಳೆ ಮತ್ತೆ ಬರುವುದಿಲ್ಲ ಎಂದು ಅವರಿಗೆ ವಿವರಿಸಿದೆ. ಆಮೇಲೆ ತಿರುಗಿ ನಿಂತೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಅವರ ಕಣ್ಣಿಗೆ ಕಣ್ಣಿಟ್ಟು ಮಾತಾಡಿದ್ದು ಅದೇ ಮೊದಲು.

"ಮಿಸ್ಟರ್ ಹ್ಯಾಡೋ, ಸುಮ್‌ಸುಮ್ನೆ ಯಾರೂ ಲಿನನ್ ಕೆರೆಯಲ್ಲ. ಆ ದಿನ ನೀವು ಹೇಳಿದ್ದಕ್ಕೆ ಕೆರೆದೆ, ಸುಮ್ನಿರು ಅಂದಿದ್ದಕ್ಕೆ ಸುಮ್ನಿದ್ದೆ. ಇವತ್ತು ಸುಮ್ನಿರಲ್ಲ. ಹೊರಗಡೆ ನಿಂತಿರೋರ ಮುಖ ನೋಡಿ ಬಂದು ಅದೇ ಮಾತು ಇನ್ನೊಂದು ಸಲ ಹೇಳಿ."

ಅವರು ಕಿಟಕಿಯ ಬಳಿ ಹೋಗಲಿಲ್ಲ. ಅಂಗಿಯ ಕಡೆಯೇ ನೋಡುತ್ತಾ ನಿಂತರು. ಕುತ್ತಿಗೆಯ ಪಟ್ಟಿಯ ಮೇಲೆ ಕೆಂಪು ಏರಿ ಕಿವಿಯವರೆಗೂ ಹೋಯಿತು. ನನಗೆ ಅವರ ಮೇಲೆ ಕನಿಕರ ಬಂತು, ಆದರೂ ಜಗ್ಗಲಿಲ್ಲ.

"ತೊಟ್ಟಿ ಅಡ್ಡಪಟ್ಟಿ ಅಲ್ಲಿ ಬರುತ್ತೆ," ಎಂದರು ಕೊನೆಗೆ. "ನಾನು ನೋಡಿರ್ಲಿಲ್ಲ. ತಪ್ಪು ನಂದು. ಮಿಸ್ ಲೋರಿಮರ್ ಎಳೆದಿರೋದೇ ಸರಿ."

ಡೂಗಿ ಆಗಲೇ ಅಳತೆಪಟ್ಟಿ ಹಿಡಿದು ಹಡಗಿನ ಹೊಟ್ಟೆಗೆ ಇಳಿದಿದ್ದ. ಕಾಲು ಗಂಟೆಯಲ್ಲಿ ಮೊಣಕಾಲಿಗೆಲ್ಲ ಕೆಂಪು ಬಣ್ಣ ಮೆತ್ತಿಕೊಂಡು ಬಂದು, ಅಡ್ಡಪಟ್ಟಿ ಇದೆ, ನಾಲ್ಕು ಇಂಚು ಸರಿಸಿದರೆ ಕೈ ಆರಾಮವಾಗಿ ಹೋಗುತ್ತದೆ ಎಂದ. ಕ್ಯಾಪ್ಟನ್ ಟೋಪಿಯನ್ನು ಮತ್ತೆ ಮೇಜಿನ ಮೇಲಿಟ್ಟರು. ಪ್ರಿಂಗಲ್ ಯಾರಿಗೂ ಹೇಳದೆ ಹೊರಗೆ ಹೋದ.

ಮಿಸ್ಟರ್ ಹ್ಯಾಡೋ ಹಾಳೆಯ ಮೂಲೆಯಲ್ಲಿ ಬರೆದವರು, ಪರೀಕ್ಷಿಸಿದವರು ಎಂಬ ಎರಡೂ ಖಾನೆಗಳಲ್ಲಿ ಸಹಿ ಹಾಕಿದರು. ಮೇಲಿನ ಖಾಲಿ ಜಾಗದಲ್ಲಿ ತಾವೇ ತಿದ್ದುಪಡಿಯ ವಿಷಯವನ್ನೂ ಬರೆದರು, ಅಷ್ಟು ದೊಡ್ಡ ಮನಸ್ಸು ಅವರಿಗೆ ಇತ್ತು. ನಾನು ಲೇಖನಿ ತೆಗೆದುಕೊಂಡೆ. ಅಳತೆಗೋಲು ಇಟ್ಟು ಅಡಿಯಲ್ಲಿ ಮೂರನೆಯ ಖಾನೆ ಎಳೆದು, ಟ್ರೇಸ್ ಮಾಡಿದವರು ಎಂದು ಬರೆದು, ಮುಂದೆ ನನ್ನ ಪೂರ್ತಿ ಹೆಸರು ಬರೆದೆ.

"ಅಂಥ ಖಾನೆ ಇಲ್ಲ, ಮಿಸ್ ಲೋರಿಮರ್," ಎಂದರು ಅವರು, ಅಭ್ಯಾಸಬಲದಿಂದ.

"ಈಗ ಇದೆ," ಎಂದೆ.

ಹಡಗು ಮುಗಿಯಲು ಹನ್ನೊಂದು ತಿಂಗಳು ಹಿಡಿಯಿತು. ಬೇಕೆಂತಲೇ ನಿಧಾನ ಮಾಡಿದರು ಎಂದು ಎಡಿನ್‌ಬರೋದವರು ದೂರಿದರು, ಅದರಲ್ಲಿ ಸ್ವಲ್ಪ ನಿಜವಿದೆ. ಆಮೇಲೆ ಕಾರ್ಖಾನೆಯ ಗೇಟಿಗೆ ಬೀಗ ಬಿತ್ತು, ಅದನ್ನು ನಮ್ಮಿಂದ ತಡೆಯಲಾಗಲಿಲ್ಲ. ಆದರೆ ಇನ್ನೂರ ಹದಿನೇಳನೆಯ ಹಡಗು ಗುಜರಿಯಾಗದೆ ನೀರಿಗೆ ಇಳಿಯಿತು. ಅಂಗಿಯನ್ನು ಈವರೆಗೆ ಒಂಬತ್ತು ಕೂಸುಗಳು ತೊಟ್ಟಿವೆ. ಹೋದ ತಿಂಗಳು ವಸ್ತುಸಂಗ್ರಹಾಲಯದವರು ಬಂದು, ಕಂಪನಿಯ ಚರಿತ್ರೆಗೆ ಸೇರಿದ ವಸ್ತು, ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ, ಕೊಡಿ ಎಂದು ಕೇಳಿದರು. ಬೆಲ್ಲಾಳ ತಂಗಿ ಮಗಳು ಅವರಿಗೆ ಚಹಾ ಕೊಟ್ಟು, ಮಾರ್ಚಿನಲ್ಲಿ ಹತ್ತನೆಯ ಕೂಸು ಬರುವುದಿದೆ, ಅಂಗಿಗೆ ಕೆಲಸ ಇದೆ ಎಂದು ಹೇಳಿ ಕಳಿಸಿದಳು.